ಎಂಟು ಆಂಟೆನಾ ರೂಟರ್ ಮತ್ತು 1 ವ್ಯಾಟ್‌ನ ಕಥೆ

‘ಎಂಟು ಆಂಟೆನಾ, ಲಾಂಗ್ ರೇಂಜ್, ಇಡೀ ಮನೆಗೆ ಸಿಗ್ನಲ್’ ಅಂತ ಡಬ್ಬಿ ಮೇಲೆ ಬರೆದಿರೋ ರೂಟರ್‌ಗೆ ದುಡ್ಡು ಸುರಿಯೋ ಮುಂಚೆ ಒಂದು ಹಳೇ ಕಥೆ ಕೇಳಿ. ಪುಣೆಯ ನನ್ನ ಬಾಡಿಗೆ ಮನೇಲೂ ಹಾಲ್‌ನಲ್ಲಿ ಸಿಗ್ನಲ್ ಫುಲ್, ಹಿಂದಿನ ಬೆಡ್‌ರೂಮಲ್ಲಿ ಕೂತು ಕ್ಲೈಂಟ್ ಕಾಲ್ ಶುರುಮಾಡಿದ್ರೆ ಸ್ಕ್ರೀನ್ ನಿಂತೇಬಿಡುತ್ತೆ. ಇದರ ಬೇರು ಬಹಳ ಹಿಂದಿದೆ.

1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನದಲ್ಲಿ ಕೆಲವು ತರಂಗಾಂತರಗಳನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಅಂತ ತೆಗೆದಿಟ್ಟರು. 2.4 ಗಿಗಾಹರ್ಟ್ಸ್ ಅಂಥದ್ದೊಂದು. ಮೈಕ್ರೋವೇವ್ ಓವನ್ ಗದ್ದಲ ಮಾಡೋದೂ ಅಲ್ಲೇ. ಸಂಪರ್ಕಕ್ಕೆ ಯಾರಿಗೂ ಅಷ್ಟಾಗಿ ಬೇಡದ ಈ ಜಾಗವನ್ನು 1985ರಲ್ಲಿ ಅಮೆರಿಕದ ಎಫ್‌ಸಿಸಿ ಜನರಿಗೆ ಬಿಟ್ಟುಕೊಟ್ಟಿತು. ಲೈಸೆನ್ಸ್ ಬೇಡ, ಆದ್ರೆ 1 ವ್ಯಾಟ್ ಮೀರೋ ಹಾಗಿಲ್ಲ. ಪಕ್ಕದವರ ಗದ್ದಲವನ್ನೂ ಸಹಿಸ್ಕೋಬೇಕು.

ಇದನ್ನ ಮೊದಲು ಗಂಭೀರವಾಗಿ ಹಿಡಿದವರಲ್ಲಿ ಅಂಗಡಿಗಳಿಗೆ ಕ್ಯಾಶ್ ರಿಜಿಸ್ಟರ್ ಮಾಡೋ ಎನ್‌ಸಿಆರ್ ಒಂದು. ಅವರ ನೆದರ್‌ಲ್ಯಾಂಡ್ಸ್ ಕಚೇರಿಯ ವಿಕ್ ಹೇಯ್ಸ್ ಅಧ್ಯಕ್ಷರಾಗಿದ್ದ ಸಮಿತಿಯಿಂದ 1997ರಲ್ಲಿ 802.11 ಬಂತು. ವೇಗ ಎಷ್ಟು ಗೊತ್ತಾ? 2 ಎಂಬಿಪಿಎಸ್!

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಮುಕ್ತವಾಗಿದ್ದು 2005ರ ಜನವರಿಯಲ್ಲಿ. ಮಿತಿ ಇಲ್ಲೂ 1 ವ್ಯಾಟ್, ಆಂಟೆನಾದ ಬಲ ಸೇರಿದ್ರೆ 4 ವ್ಯಾಟ್. 5 ಗಿಗಾಹರ್ಟ್ಸ್‌ಗೆ ಬಾಗಿಲು ದೊಡ್ಡದಾಗಿ ತೆರೆದದ್ದು 2018ರಲ್ಲಿ. ಅಂದ್ರೆ ಎಂಟು ಆಂಟೆನಾ ಇದ್ರೂ ಕಾನೂನಿನ ಮಿತಿ ಎಂಟು ಪಟ್ಟು ಆಗಲ್ಲ.

ಹಾಗಾದ್ರೆ ಅಷ್ಟು ಆಂಟೆನಾ ಯಾಕೆ? ಇಲ್ಲಿ ನಮ್ಮವರೊಬ್ಬರ ಕೈವಾಡ ಇದೆ. ನೌಕಾಪಡೆಯಲ್ಲಿದ್ದ ಆರೋಗ್ಯಸ್ವಾಮಿ ಪೌಲ್‌ರಾಜ್, ಬೆಂಗಳೂರಿನ ಸಿಎಐಆರ್ ಪ್ರಯೋಗಾಲಯವನ್ನು ಕಟ್ಟಿದವರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಥಾಮಸ್ ಕೈಲತ್ ಜೊತೆ ಸೇರಿ ಹಲವು ಆಂಟೆನಾಗಳಿಂದ ಒಂದೇ ಸಲಕ್ಕೆ ಬೇರೆಬೇರೆ ಡೇಟಾ ಕಳಿಸೋ ವಿಚಾರಕ್ಕೆ 1994ರಲ್ಲಿ ಪೇಟೆಂಟ್ ಪಡೆದರು. (ಕೈಲತ್ ಹುಟ್ಟಿದ್ದು ಪುಣೆಯಲ್ಲೇ, ಇಲ್ಲಿ ಎಷ್ಟು ಜನಕ್ಕೆ ಗೊತ್ತೋ!) ಅದೇ ಮಿಮೊ. 2009ರ 802.11ಎನ್ ಜೊತೆ ಅದು ಮನೆಮನೆಗೂ ಬಂತು. ಅದರ ದೊಡ್ಡ ಲಾಭ ವೇಗ. ದೂರಕ್ಕೂ ಒಂದಿಷ್ಟು ಸಹಾಯ ಆಗುತ್ತೆ, ಆದ್ರೆ ಡಬ್ಬಿ ಹೇಳೋವಷ್ಟಲ್ಲ.

ಗೋಡೆ ಬೇರೆ ಇದೆಯಲ್ಲ. ಊರಿನ ಹೆಂಚಿನ ಮನೆ ಬೇರೆ, ಪುಣೆ, ಹೈದರಾಬಾದ್‌ನ ಹೊಸ ಟವರ್‌ಗಳ ಮಿವಾನ್ ಮನೆ ಬೇರೆ. ಅಲ್ಲಿ ಒಳಗೋಡೆಯೂ ಕಬ್ಬಿಣ ಸೇರಿದ ಕಾಂಕ್ರೀಟು. 5 ಗಿಗಾಹರ್ಟ್ಸ್ ಅಂತೂ ಎರಡು ಗೋಡೆಗೇ ಸುಸ್ತು. ಅದಕ್ಕಿಂತ ಮುಖ್ಯ, ರೂಟರ್ ಕೂಗಿದ್ರೆ ಸಾಲದು, ಮೊಬೈಲೂ ಓಗೊಡಬೇಕು. ಪುಟ್ಟ ಬ್ಯಾಟರಿಯ ಮೊಬೈಲಿನ ದನಿ ಇನ್ನೂ ಚಿಕ್ಕದು. ಕಡ್ಡಿ ನಾಲ್ಕು ತೋರಿಸ್ತಾ ಇದ್ರೂ ಕಾಲ್ ಕಡಿಯೋದು ಎಷ್ಟೋ ಸಲ ಇದಕ್ಕೇ.

ಹಾಗಾಗಿ ನಾನು ಆಂಟೆನಾ ಲೆಕ್ಕ ಹಾಕೋದೇ ಇಲ್ಲ. ಸಾಧಾರಣ ಡ್ಯುಯಲ್ ಬ್ಯಾಂಡ್ ರೂಟರನ್ನ ಬಾಗಿಲ ಹತ್ತಿರದಿಂದ ಮನೆಯ ನಡುವಿಗೆ ತಂದು ನೋಡಿ. ಅದೂ ಸಾಲದಿದ್ರೆ ಒಂದು ದೈತ್ಯ ರೂಟರ್ ಬದಲು ಎರಡು ಚಿಕ್ಕ ಮೆಶ್ ಡಬ್ಬಿ ತಗೊಳ್ಳಿ, ನಡುವೆ ಲ್ಯಾನ್ ಕೇಬಲ್ ಎಳೀರಿ. ಚಪ್ಪಟೆ ಕೇಬಲ್ ಆದ್ರೆ ಬಾಗಿಲ ಸಂದಿಯಲ್ಲೇ ಹೋಗುತ್ತೆ, ಗೋಡೆ ಕೊರೆಯೋಕೆ ಓನರ್‌ನ ಕೇಳೋ ಕೆಲಸವೂ ಇಲ್ಲ.