ಮಾವು: ಕಲಬುರಗಿ ಸೀಮೆಯ ಊಟದಲ್ಲಿ ಅದರ ಆಹಾರ ಮೌಲ್ಯ ಮತ್ತು ಆರೋಗ್ಯ ಗುಣ

ಮಾವು ಗೇರು, ಪಿಸ್ತಾಗಳ ಕುಟುಂಬಕ್ಕೆ ಸೇರಿದ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮ್ಯಾಂಜಿಫೆರ ಇಂಡಿಕ. ಜಗತ್ತಿನಲ್ಲಿ ಅತಿ ಹೆಚ್ಚು ಮಾವು ಬೆಳೆಯುವ ದೇಶ ಭಾರತ. ಕರ್ನಾಟಕದಲ್ಲಿ ಕೋಲಾರದ ಶ್ರೀನಿವಾಸಪುರ, ರಾಮನಗರ, ಧಾರವಾಡಗಳು ಮಾವಿಗೆ ಹೆಸರಾದ ಊರುಗಳು. ಕಲಬುರಗಿ ಜಿಲ್ಲೆ ಈ ಸಾಲಿನಲ್ಲಿ ಬರುವುದಿಲ್ಲ. ಇದು ತೊಗರಿಯ ಕಣಜ, ಜೋಳದ ನಾಡು. ಆದರೂ ಏಪ್ರಿಲ್‌ನಿಂದ ಜೂನ್‌ವರೆಗೆ ಕಲಬುರಗಿ ನಗರದ ಶಹಾಬಜಾರ, ಸೂಪರ್ ಮಾರ್ಕೆಟ್‌ಗಳಿಂದ ಹಿಡಿದು ಹುಮನಾಬಾದ್ ರಸ್ತೆಯ ಕಮಲಾಪುರದವರೆಗೆ ತಳ್ಳುಬಂಡಿಗಳ ತುಂಬ ಇದೇ ಹಣ್ಣು. ಬೇನಿಶಾನ್, ಕೇಸರ್, ದಸೇರಿ, ಆಪೂಸ್, ಮಲ್ಲಿಕಾ, ತೋತಾಪುರಿ, ಜೊತೆಗೆ ಹಿಂಡಿ ರಸ ಕುಡಿಯುವ ಜವಾರಿ ಹಣ್ಣು. ಮಾವಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಈ ಸೀಮೆಯ ರೊಟ್ಟಿ, ಬೇಳೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಅದರ ನಿಜವಾದ ಉಪಯೋಗ ತಿಳಿಯುವುದು.

ಹಣ್ಣಿನಲ್ಲಿರುವುದು

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರು, 15 ಗ್ರಾಂ ಶರ್ಕರಪಿಷ್ಟ, 1.6 ಗ್ರಾಂ ನಾರು ಇರುತ್ತವೆ. ಶರ್ಕರಪಿಷ್ಟದಲ್ಲಿ ಹೆಚ್ಚುಕಡಿಮೆ 14 ಗ್ರಾಂ ಸಕ್ಕರೆಯೇ. ಪ್ರೋಟೀನು ಒಂದು ಗ್ರಾಂ ಕೂಡ ಇಲ್ಲ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ದೊರೆಯುವ ಶಕ್ತಿ 60 ಕಿಲೊಕ್ಯಾಲರಿ. 'ಸಿ' ಜೀವಸತ್ವ 36 ಮಿಲಿಗ್ರಾಂ, ಫೋಲೇಟ್ 43 ಮೈಕ್ರೊಗ್ರಾಂ, ಬೀಟಾ ಕ್ಯಾರೋಟಿನ್ 640 ಮೈಕ್ರೊಗ್ರಾಂ, ಪೊಟ್ಯಾಸಿಯಂ 168 ಮಿಲಿಗ್ರಾಂ. 'ಇ' ಮತ್ತು ಬಿ6 ಜೀವಸತ್ವಗಳೂ ತಾಮ್ರವೂ ಅಲ್ಪ ಪ್ರಮಾಣದಲ್ಲಿವೆ. ಕಬ್ಬಿಣ ಮಾತ್ರ 0.2 ಮಿಲಿಗ್ರಾಂನ ಒಳಗೇ.

ಸಿಪ್ಪೆ, ಗೊರಟೆ ತೆಗೆದರೆ ಒಂದು ಮಧ್ಯಮ ಗಾತ್ರದ ಬೇನಿಶಾನ್‌ನಲ್ಲಿ 200 ಗ್ರಾಂನಷ್ಟು ತಿರುಳು ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಸೂಚಿಸಿದ ಪ್ರಮಾಣದಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸಿಗೆ 80 ಮಿಲಿಗ್ರಾಂ 'ಸಿ' ಜೀವಸತ್ವ ಬೇಕು. ಅಂದರೆ ಹೆಂಗಸರ ದಿನದ ಪಾಲು ಒಂದೇ ಹಣ್ಣಿನಲ್ಲಿ ಮುಗಿಯಿತು. ಫೋಲೇಟ್‌ನಲ್ಲೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಕ್ಕಿತು. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಫೋಲೇಟ್ ಎಷ್ಟು ಮುಖ್ಯವೆಂದು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವಂತಿಲ್ಲ.

ಈ ಅಂಕಿಗಳನ್ನು ಎಲ್ಲ ಹಣ್ಣಿಗೂ ಒಂದೇ ಎಂದು ಓದಬಾರದು. ತಳಿ, ಮಣ್ಣು, ಕೊಯ್ದ ಹೊತ್ತು, ಮಾಗಿದ ಹದ, ಎಲ್ಲಕ್ಕೂ ತಕ್ಕಂತೆ ಪ್ರಮಾಣ ಬದಲಾಗುತ್ತದೆ. 'ಸಿ' ಜೀವಸತ್ವದಲ್ಲಂತೂ ತಳಿಯಿಂದ ತಳಿಗೆ ಹಲವು ಪಟ್ಟು ಅಂತರ ಕಂಡುಬಂದಿದೆ. ಕಾಯಿ ಮಾಗುತ್ತ ಹೋದಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, 'ಸಿ' ಜೀವಸತ್ವ ಸಾಮಾನ್ಯವಾಗಿ ತಗ್ಗುತ್ತದೆ, ಕ್ಯಾರೋಟಿನ್ ಏರುತ್ತದೆ. ತಿರುಳಿನ ಕೇಸರಿ ಬಣ್ಣವೇ ಕ್ಯಾರೋಟಿನ್‌ನ ಗುರುತು. ದಸೇರಿ ಮತ್ತು ನೀಲಂ ಕೂಡಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಪಡೆದ ಆಮ್ರಪಾಲಿ ತಳಿ ಈ ಬಣ್ಣಕ್ಕೇ ಹೆಸರಾಯಿತು. ಬಿಳಿಚು ಹಳದಿ ತಿರುಳಿನ ಹಣ್ಣಿಗಿಂತ ಕಡು ಕೇಸರಿ ತಿರುಳಿನದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಹೋಲಿಕೆಗೆ ಕಲಬುರಗಿ ಜಿಲ್ಲೆಯದೇ ಹೆಮ್ಮೆಯ ಹಣ್ಣನ್ನು, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ನೋಡೋಣ. ಬಾಳೆಯ ಜಾತಿಗೆ ಒಟ್ಟಾರೆ ಅನ್ವಯಿಸುವ ಲೆಕ್ಕ ಹೀಗಿದೆ: ಪೊಟ್ಯಾಸಿಯಂ ಮಾವಿಗಿಂತ ಎರಡು ಪಟ್ಟು, ಬಿ6 ಮೂರು ಪಟ್ಟು, ಶಕ್ತಿಯೂ ಹೆಚ್ಚು, 'ಸಿ' ಜೀವಸತ್ವದಲ್ಲಿ ಮಾತ್ರ ಮಾವು ಬಾಳೆಯ ನಾಲ್ಕು ಪಟ್ಟು. ಎರಡರಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಹೊಲದಲ್ಲಿ ದುಡಿದು ಬಂದವರಿಗೆ ಕಸುವು ಬೇಕಾದಾಗ ಬಾಳೆ, ಊಟದ ಕೊರತೆ ತುಂಬಬೇಕಾದಾಗ ಮಾವು.

ಜೋಳ, ತೊಗರಿ ಮತ್ತು ಮಾವು

ಕಲಬುರಗಿ ಊಟದ ಆಧಾರ ಜೋಳದ ರೊಟ್ಟಿ ಮತ್ತು ತೊಗರಿಬೇಳೆ. ಎರಡರಲ್ಲೂ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ. ಲೆಕ್ಕದಲ್ಲಿ ಇದು ಸಾಕಷ್ಟು ಎನಿಸಬಹುದು. ಮೈಗೆ ಹತ್ತುವುದು ಅದರಲ್ಲಿ ಸಣ್ಣ ಪಾಲು ಮಾತ್ರ. ಕಾಳುಕಡಿಗಳಲ್ಲಿರುವ ಫೈಟೇಟ್, ಊಟದ ಬೆನ್ನಿಗೇ ಕುಡಿಯುವ ಚಹಾದಲ್ಲಿರುವ ಟ್ಯಾನಿನ್ ಈ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಜನಕ್ಕೆ ರಕ್ತಹೀನತೆ ಇದ್ದುದು ಕಂಡುಬಂತು. ಇದಕ್ಕೆ ಕಾರಣಗಳು ಹಲವು. ತಿಂದ ಕಬ್ಬಿಣ ಮೈಗೂಡದಿರುವುದು ಅವುಗಳಲ್ಲಿ ಒಂದು.

ಮಾವಿನ ಕೆಲಸ ಇರುವುದು ಇಲ್ಲಿ. ತನ್ನಲ್ಲಿ ಕಬ್ಬಿಣ ಅತ್ಯಲ್ಪವಾದರೂ ಅದರ 'ಸಿ' ಜೀವಸತ್ವ ಧಾನ್ಯದ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಒಂದೊಂದು ಊಟವನ್ನು ಬಿಡಿಯಾಗಿ ಅಳೆದ ಪ್ರಯೋಗಗಳಲ್ಲಿ 'ಸಿ' ಜೀವಸತ್ವ ಕೂಡಿದಾಗ ಕಬ್ಬಿಣದ ಹೀರಿಕೆ ಎರಡು ಮೂರು ಪಟ್ಟು ಏರಿದ್ದುಂಟು. ಎರಡೂ ಒಂದೇ ಊಟದಲ್ಲಿ ಸೇರಬೇಕೆಂಬುದು ಇಲ್ಲಿಯ ನಿಯಮ. ಮಧ್ಯಾಹ್ನ ರೊಟ್ಟಿ ತಿಂದು, ಹಣ್ಣನ್ನು ಸಂಜೆಗೆ ಎತ್ತಿಟ್ಟರೆ ಈ ಲಾಭ ತಪ್ಪುತ್ತದೆ. ಊಟದ ಜೊತೆ ನಾಲ್ಕು ಹೋಳು, ಚಹಾ ಒಂದು ತಾಸು ತಡವಾಗಿ: ಇಷ್ಟು ಬದಲಾವಣೆ ಸಾಕು, ಖರ್ಚೂ ಇಲ್ಲ. ಅಂಗನವಾಡಿಯಲ್ಲಿ, ಮನೆಯಲ್ಲಿ ತಾಯಂದಿರಿಗೆ ಹೇಳಲೇಬೇಕಾದ ಮಾತಿದು. ಆದರೆ ರಕ್ತಹೀನತೆ ಇದೆ ಎಂದು ಗೊತ್ತಾದ ಮೇಲೆ ಕಬ್ಬಿಣದ ಮಾತ್ರೆಗೆ ಹಣ್ಣು ಬದಲಿಯಾಗದು.

ಹಣ್ಣು ಬರುವ ಮೊದಲೇ ಕಾಯಿಯಿಂದ ಈ ಕೆಲಸ ಸಾಗುತ್ತದೆ. ಯುಗಾದಿಯ ಬೇವಿಗೆ ಬೀಳುವ ಎಳೆಗಾಯಿ, ರೊಟ್ಟಿಗೆ ಹಚ್ಚಿಕೊಳ್ಳುವ ಹಸಿ ಮಾವಿನಕಾಯಿ ಚಟ್ನಿ, ಹುಣಸೆಯ ಬದಲು ಕಾಯಿ ಹಾಕಿದ ಬೇಳೆ, ಕಲಬುರಗಿಯ ದಖನಿ ಮನೆಗಳ ಖಟ್ಟಿ ದಾಲ್, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಕುದಿಸಿದಾಗ 'ಸಿ' ಜೀವಸತ್ವ ಬಹುಪಾಲು ಕರಗಿಹೋದರೂ ಕಾಯಿಯಲ್ಲಿರುವ ಸಿಟ್ರಿಕ್ ಆಮ್ಲ ಉಳಿದು ಕಬ್ಬಿಣಕ್ಕೆ ಒಂದಿಷ್ಟು ನೆರವಾಗುತ್ತದೆ. ಹಸಿಯಾಗಿ ರುಬ್ಬಿದ ಚಟ್ನಿ ಮಾತ್ರ ಎರಡನ್ನೂ ಉಳಿಸಿಕೊಳ್ಳುತ್ತದೆ. ಬಿಸಿಲಿಗೆ ಒಣಗಿಸಿದ ಆಮ್ಚೂರಿನಲ್ಲಿ ಹುಳಿ ಉಂಟು, ಜೀವಸತ್ವ ಕಡಿಮೆ. ಉಪ್ಪಿನಕಾಯಿಯಲ್ಲಿ ಉಪ್ಪು, ಗುಳಂಬದಲ್ಲಿ ಬೆಲ್ಲ ಹೆಚ್ಚು. ರುಚಿಗೆ ಚೂರು ತಿನ್ನುವ ಪದಾರ್ಥಗಳವು, ಪೋಷಣೆಗೆಂದು ನೆಚ್ಚುವಂಥವಲ್ಲ.

ಸೀಕರಣೆ ಮತ್ತು 'ಎ' ಜೀವಸತ್ವ

ಬೀಟಾ ಕ್ಯಾರೋಟಿನ್ ಮೈಯೊಳಗೆ 'ಎ' ಜೀವಸತ್ವವಾಗಿ ಬದಲಾಗುತ್ತದೆ. ಇದು ಕಡಿಮೆಯಾದಾಗ ಮಕ್ಕಳಿಗೆ ಇರುಳುಗುರುಡು ಬರುತ್ತದೆ, ಕೊರತೆ ಮುಂದುವರಿದರೆ ಕಣ್ಣೇ ಹೋಗಬಹುದು. ಸೋಂಕಿಗೂ ಮಕ್ಕಳು ಬೇಗ ತುತ್ತಾಗುತ್ತಾರೆ. ಭಾರತ ಸರ್ಕಾರ 1970ರಿಂದ ಮಕ್ಕಳಿಗೆ 'ಎ' ಜೀವಸತ್ವದ ದ್ರವ ಕುಡಿಸುವ ಕಾರ್ಯಕ್ರಮ ನಡೆಸುತ್ತ ಬಂದಿರುವುದು ಈ ಕಾರಣಕ್ಕೆ. ಬದಲಾವಣೆ ಒಂದಕ್ಕೊಂದರಂತೆ ಆಗುವುದಿಲ್ಲ, ಸುಮಾರು 12 ಪಾಲು ಕ್ಯಾರೋಟಿನ್‌ನಿಂದ ಒಂದು ಪಾಲು ಜೀವಸತ್ವ. ಹೀಗಾಗಿ ಒಂದು ಸಾಧಾರಣ ಹಣ್ಣು ದೊಡ್ಡವರ ದಿನದ ಅಗತ್ಯದಲ್ಲಿ ಎಂಟರ ಒಂದು ಭಾಗದಷ್ಟನ್ನು ಒದಗಿಸುತ್ತದೆ. ಮಾವು ತಿಂದರೆ ಸಾಕು, ಕಣ್ಣಿಗೆ ಬೇರೇನೂ ಬೇಡ ಎನ್ನುವ ಮಾತು ಆದ್ದರಿಂದ ಸರಿಯಲ್ಲ. ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪು ವರ್ಷವಿಡೀ ಬೇಕೇ ಬೇಕು.

ಕ್ಯಾರೋಟಿನ್ ಕರಗುವುದು ಕೊಬ್ಬಿನಲ್ಲಿ. ಊಟದಲ್ಲಿ ಚೂರು ಜಿಡ್ಡಿದ್ದರೆ ಹೆಚ್ಚು ಹೀರಲ್ಪಡುತ್ತದೆ. ಹಾಲು ಹಾಕಿ ಕಲಸಿದ ಸೀಕರಣೆ, ಅದರೊಡನೆ ತುಪ್ಪ ಸವರಿದ ಹೋಳಿಗೆ ಎಂಬ ಉತ್ತರ ಕರ್ನಾಟಕದ ಹಬ್ಬದೂಟ ಈ ವಿಷಯದಲ್ಲಿ ಬಹಳ ಸರಿಯಾದ ಜೋಡಿ. ಸೀಕರಣೆಗೆ ಮೇಲಿಂದ ಸಕ್ಕರೆ ಸುರಿಯುವ ರೂಢಿಯನ್ನು ಮಾತ್ರ ಬಿಡಬೇಕು. ಚೆನ್ನಾಗಿ ಮಾಗಿದ ಹಣ್ಣಿಗೆ ಅದರ ಅಗತ್ಯವೇ ಇಲ್ಲ. ಆರು ತಿಂಗಳು ತುಂಬಿದ ಕೂಸಿಗೆ ನಾರು ತೆಗೆದು ನುಣ್ಣಗೆ ಹಿಸುಕಿದ ತಿರುಳನ್ನು ತಾಯಿ ಹಾಲಿನ ಜೊತೆಗೆ ಚಮಚೆಯಲ್ಲಿ ಶುರು ಮಾಡಬಹುದು.

ಬಿಸಿಲು, ಕಾವು, ಸೊನೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಬೆವರಿನೊಡನೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಸುಟ್ಟ ಅಥವಾ ಬೇಯಿಸಿದ ಕಾಯಿಯ ತಿರುಳಿಗೆ ಉಪ್ಪು, ಜೀರಿಗೆ, ಬೆಲ್ಲ ಸೇರಿಸಿದ ಪಾನಕ ನೀರು, ಉಪ್ಪು, ಸಕ್ಕರೆ ಮೂರನ್ನೂ ಒಟ್ಟಿಗೆ ಒಳಗೆ ಕಳಿಸುವುದರಿಂದ ದಣಿದ ಮೈ ಚೇತರಿಸಿಕೊಳ್ಳುತ್ತದೆ. ಬಿಸಿಲಿಗೆ ಹೊರಡುವ ಮುನ್ನ ಕುಡಿಯಲು ಇದಕ್ಕಿಂತ ಒಳ್ಳೆಯ ಪಾನೀಯ ಬೇರೆ ಬೇಕಿಲ್ಲ. ಆದರೆ ಬಿಸಿಲು ಬಡಿದು ಮಾತು ತೊದಲುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಪಾನಕ ಕುಡಿಸುತ್ತ ಕೂರಬಾರದು. ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಹಣ್ಣು ಮೈಗೆ ಕಾವು, ಗುಳ್ಳೆ ಏಳುತ್ತವೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಬಾಯಿಯ ಸುತ್ತ ಉರಿ, ತುರಿ, ಸಣ್ಣ ಗುಳ್ಳೆ ಬರುವುದು ನಿಜ. ಅದಕ್ಕೆ ಕಾರಣ ತೊಟ್ಟಿನ ಬಳಿ ಒಸರುವ ಸೊನೆ ಮತ್ತು ಸಿಪ್ಪೆಯಲ್ಲಿರುವ, ಚರ್ಮವನ್ನು ಕೆರಳಿಸುವ ಅಂಶಗಳು. ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುವುದೂ ಇದೇ ಬಗೆಯ ಪದಾರ್ಥಗಳಿಂದ. ಹಣ್ಣನ್ನು ತಾಸು ಹೊತ್ತು ನೀರಿನಲ್ಲಿ ನೆನೆಹಾಕಿ, ತೊಟ್ಟಿನ ಭಾಗವನ್ನು ಕೊಯ್ದು ಬಿಸಾಡುವ ಹಿರಿಯರ ಪದ್ಧತಿ ಸೊನೆ, ಧೂಳು ತೊಳೆದುಹೋಗಲು ಒಳ್ಳೆಯ ಉಪಾಯ. ಸಿಪ್ಪೆ ಕಚ್ಚಿ ಹಣ್ಣು ಚೀಪುವ ಮಕ್ಕಳಿಗೆ ಇದು ಇನ್ನೂ ಮುಖ್ಯ.

ಮಲಬದ್ಧತೆ ಇರುವವರಿಗೆ ಮಾವು ಒಳ್ಳೆಯದೆಂಬ ಮಾತಿಗೆ ಸ್ವಲ್ಪ ಆಧಾರವಿದೆ. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ, 36 ಮಂದಿಯ ಒಂದು ಚಿಕ್ಕ ಪ್ರಯೋಗದಲ್ಲಿ ನಾಲ್ಕು ವಾರ ದಿನಕ್ಕೆ 300 ಗ್ರಾಂ ಮಾವು ತಿಂದವರಿಗೆ ಅಷ್ಟೇ ನಾರಿನ ಪುಡಿ ತಿಂದವರಿಗಿಂತ ಹೆಚ್ಚು ಗುಣ ಕಂಡಿತ್ತು. ಕ್ಯಾನ್ಸರ್ ತಡೆಯುತ್ತದೆ ಎಂಬ ಪ್ರಚಾರಕ್ಕೆ ಅಂಥ ಆಧಾರವಿಲ್ಲ. ಅದು ಹುಟ್ಟಿರುವುದು ಮ್ಯಾಂಜಿಫೆರಿನ್ ಎಂಬ ಸಂಯುಕ್ತದ ಮೇಲೆ ನಡೆದ ಪ್ರಯೋಗಶಾಲೆಯ, ಇಲಿಗಳ ಅಧ್ಯಯನಗಳಿಂದ. ಈ ಸಂಯುಕ್ತವೂ ತಿರುಳಿಗಿಂತ ಎಲೆ, ತೊಗಟೆ, ಸಿಪ್ಪೆಗಳಲ್ಲೇ ಹೆಚ್ಚು. ಕಾಯಿಲೆಯವರಿಗೆ ಇಂಥ ಭರವಸೆ ಕೊಡುವುದು ತಪ್ಪು.

ಸಕ್ಕರೆ ಕಾಯಿಲೆಯವರು

ಇವರು ಮಾವನ್ನು ಮುಟ್ಟಲೇಬಾರದು ಎಂಬುದು ಅತಿಯಾಯಿತು. ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಮಾವಿನ ಹಣ್ಣಿನ ಸರಾಸರಿ ಸುಮಾರು 51. ಇದು ಕಡಿಮೆಯ ಗುಂಪಿಗೆ ಸೇರುವ ಅಂಕಿ. ತೊಂದರೆ ಬರುವುದು ಪ್ರಮಾಣದಿಂದ. ಹೊಟ್ಟೆ ತುಂಬ ಉಂಡು ಮೇಲೆ ಎರಡು ಹಣ್ಣು ತಿಂದರೆ 60 ಗ್ರಾಂ ಶರ್ಕರಪಿಷ್ಟ ಹೆಚ್ಚಾಗಿ ಸೇರಿತೆಂದೇ ಅರ್ಥ. ಸಕ್ಕರೆ ಹತೋಟಿಯಲ್ಲಿರುವವರು 100 ಗ್ರಾಂ ಹೋಳು ತಿನ್ನುವ ದಿನ ಅರ್ಧ ರೊಟ್ಟಿಯನ್ನೋ ಒಂದು ಸಣ್ಣ ಚಪಾತಿಯನ್ನೋ ಬಿಡಬೇಕು, ತಿಂದ ಎರಡು ತಾಸಿಗೆ ರಕ್ತ ನೋಡಿಕೊಳ್ಳಬೇಕು. ಸಕ್ಕರೆ ಹಾಕಿ ಅಂಗಡಿಯಲ್ಲಿ ಮಾರುವ ಮಾವಿನ ರಸ, ಮಿಲ್ಕ್‌ಶೇಕ್‌ಗಳು ಇವರಿಗೆ ಬೇಡ. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಿ ಇರುವವರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ನುಂಗುವವರು ದಿನವೂ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ಉಳಿದವರಿಗೂ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವುದು ದಿನಕ್ಕೆ 100 ಗ್ರಾಂ ಹಣ್ಣು.

ಅಡಿ ಹಾಕಿದ ಹಣ್ಣು, ಪುಡಿ ಹಾಕಿದ ಹಣ್ಣು

ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡಿ ಹಾಕಿದರೆ ಹಣ್ಣು ತಾನೇ ಬಿಡುವ ಎಥಿಲೀನ್ ಅನಿಲ ಒಳಗೇ ನಿಂತು ಕೆಲವು ದಿನಗಳಲ್ಲಿ ಮಾಗುತ್ತದೆ. ಬೇಗ ಮಾರುವ ಆತುರಕ್ಕೆ ಬಳಸುವ ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ತೇವ ತಾಗಿದೊಡನೆ ಅಸಿಟಿಲೀನ್ ಬಿಡುತ್ತದೆ. ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶವೂ ಇರಬಹುದು. ಇದರಿಂದ ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮ ನಿಷೇಧಿಸಿದೆ. ದಾಸ್ತಾನು ಕೋಣೆಯಲ್ಲಿ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಎಥಿಲೀನ್ ಬಳಸಲು ಅನುಮತಿಯಿದೆ. ಹೊರಗೆಲ್ಲ ಒಂದೇ ಹಳದಿ, ಒಳಗೆ ಗಟ್ಟಿ ಮತ್ತು ಹುಳಿ, ಮೂಸಿದರೆ ಪರಿಮಳವಿಲ್ಲ, ಮೇಲೆ ಬೂದಿಯಂಥ ಪುಡಿ: ಇಂಥ ಹಣ್ಣನ್ನು ಕೊಳ್ಳಬಾರದು. ನೋಟದಿಂದಲೇ ಖಚಿತವಾಗಿ ಹೇಳಲು ಬರುವುದಿಲ್ಲವಾದ್ದರಿಂದ ಕಾಯಿ ತಂದು ಮನೆಯಲ್ಲೇ ಮಾಗಿಸುವುದು ಎಲ್ಲಕ್ಕಿಂತ ಕ್ಷೇಮ. ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಹಣ್ಣುನೊಣದ ಹುಳು ಹೆಚ್ಚುತ್ತದೆ, ಆಗ ಚೀಪುವ ಬದಲು ಹೆಚ್ಚಿ ನೋಡಿ ತಿನ್ನಬೇಕು.

ಗೊರಟೆಯೊಳಗಿನ ಬೀಜದಲ್ಲಿ ಪಿಷ್ಟ, ಕೊಬ್ಬು ಎರಡೂ ಉಂಟು. ಅದರ ಕೊಬ್ಬನ್ನು ಚಾಕೊಲೇಟ್ ತಯಾರಿಕೆಯಲ್ಲಿ ಕೋಕೊ ಬೆಣ್ಣೆಯ ಬದಲು ಬಳಸುತ್ತಾರೆ. ಬರಗಾಲದಲ್ಲಿ ಬಡವರು ಬೀಜ ಒಣಗಿಸಿ, ಒಗರು ಹೋಗುವಂತೆ ನೆನೆಸಿ, ಹಿಟ್ಟು ಮಾಡಿ ತಿಂದದ್ದುಂಟು. ಒಡಿಶಾದ ರಾಯಗಡ ಜಿಲ್ಲೆಯ ಕಾಶೀಪುರದಲ್ಲಿ 2001ರಲ್ಲಿ ಹೀಗೆ ಕೂಡಿಟ್ಟ ಬೀಜದ ಗಂಜಿ ಕುಡಿದು ಆದಿವಾಸಿಗಳು ಸತ್ತರು. ತೇವಕ್ಕೆ ಬೂಸ್ಟು ಹಿಡಿದ ಬೀಜ ವಿಷ. ಮಳೆಗಾಲಕ್ಕೆಂದು ಅದನ್ನು ಮನೆಯಲ್ಲಿ ಸಂಗ್ರಹಿಸಬಾರದು.