ನಾಗಾವಿಯ ಸರಸ್ವತೀ ಭಂಡಾರಿಗರೂ ನಮ್ಮ ಮಠಗಳ ಗ್ರಂಥಸೂಚಿಯೂ



ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯನ್ನು ಇಂದು ಜನರು ತೊಗರಿಯ ಹೊಲಗಳಿಂದಲೂ ಶಹಾಬಾದಿನ ಹಾಸುಗಲ್ಲಿನಿಂದಲೂ ವಾಡಿಯ ಸಿಮೆಂಟಿನಿಂದಲೂ ಗುರುತಿಸುತ್ತಾರೆ. ಈ ನೆಲಕ್ಕೆ ಇವುಗಳಿಗಿಂತ ಪ್ರಾಚೀನವಾದ ಇನ್ನೊಂದು ಗುರುತುಂಟು. ಅದು ಗ್ರಂಥಗಳ ಗುರುತು. ಆ ಗುರುತಿನ ಇತಿಹಾಸವನ್ನೂ, ಅದರಿಂದ ನಮ್ಮ ಮಠಗಳು ಕಲಿಯಬೇಕಾದ ಒಂದು ಪಾಠವನ್ನೂ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿದ್ದಿತು. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಈ ವಿದ್ಯಾಕೇಂದ್ರಕ್ಕೆ ಮಾಡಿದ ವ್ಯವಸ್ಥೆಯನ್ನು ಕ್ರಿ.ಶ. 1058ರ ಶಾಸನವು ವಿವರಿಸುತ್ತದೆ. ಹೈದರಾಬಾದ್ ಸಂಸ್ಥಾನದ ಪ್ರಾಕ್ತನ ಇಲಾಖೆಯು ನಾಗಾವಿಯ ಶಾಸನಗಳನ್ನು 1928ರಲ್ಲಿ ಪ್ರಕಟಿಸಿತು. ವೇದಾಧ್ಯಯನದ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನದ 52 ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು ಇವರೆಲ್ಲರ ಜೊತೆಯಲ್ಲಿಯೇ ಆ ಶಾಸನವು ಆರು ಮಂದಿ ‘ಸರಸ್ವತೀ ಭಂಡಾರಿಗ’ರನ್ನು ಹೆಸರಿಸುತ್ತದೆ. ಇವರೇ ಅಂದಿನ ಗ್ರಂಥಪಾಲಕರು.

ಈ ‘ಆರು’ ಎಂಬ ಸಂಖ್ಯೆಯನ್ನು ತಾವು ಗಮನಿಸಬೇಕು. ಒಬ್ಬನೇ ಭಂಡಾರಿಗನಿದ್ದರೆ ಯಾವ ಕಟ್ಟು ಎಲ್ಲಿದೆ ಎಂಬುದನ್ನು ಅವನು ನೆನಪಿನಲ್ಲಿಟ್ಟುಕೊಂಡು ಕೆಲಸ ಸಾಗಿಸಬಹುದು. ಆರು ಮಂದಿ ಒಂದೇ ಭಂಡಾರದಲ್ಲಿ ದುಡಿಯಬೇಕಾದರೆ ಒಬ್ಬನು ಇಟ್ಟ ಗ್ರಂಥವನ್ನು ಮತ್ತೊಬ್ಬನು ತೆಗೆದುಕೊಡುವಂತಿರಬೇಕು. ಅದಕ್ಕೆ ಎಲ್ಲರೂ ಒಪ್ಪಿದ ಒಂದು ಕ್ರಮ, ಎಲ್ಲರಿಗೂ ಅರ್ಥವಾಗುವ ಒಂದು ಗುರುತು ಅವಶ್ಯಕ. ಇಂದಿನ ಗ್ರಂಥಾಲಯ ಶಾಸ್ತ್ರವು ‘ಸೂಚೀಕರಣದ ಪ್ರಮಾಣ’ ಎಂದು ಕರೆಯುವುದು ಇಂತಹ ಒಪ್ಪಂದವನ್ನೇ. ಇಟ್ಟವನು ಇಲ್ಲದಿರುವಾಗಲೂ ಹುಡುಕುವವನಿಗೆ ಗ್ರಂಥವು ಸಿಗಬೇಕೆಂಬುದೇ ಅದರ ಸಾರ.

ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಭಂಡಾರದ ಗ್ರಂಥಗಳು ಉಳಿಯಲಿಲ್ಲ. ಅವುಗಳ ಪಟ್ಟಿಯೂ ಉಳಿಯಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದ ಕಥೆಯೂ ಹೀಗೆಯೇ. ಕಾಗಿಣಾ ನದಿಯ ದಡದ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಮುಂದಿನ ಶತಮಾನದಲ್ಲಿ ಪುಷ್ಪದಂತನು ಇಲ್ಲಿಯೇ ಅಪಭ್ರಂಶ ಭಾಷೆಯಲ್ಲಿ ‘ಮಹಾಪುರಾಣ’ವನ್ನು ರಚಿಸಿದನು. ಕ್ರಿ.ಶ. 972ರಲ್ಲಿ ಮಾಳವದ ಪರಮಾರರು ನಗರವನ್ನು ಸೂರೆಗೈದರು. ಆದರೂ ಈ ಕೃತಿಗಳು ನಮ್ಮ ಕೈಸೇರಿವೆ. ಏಕೆಂದರೆ ಅವುಗಳ ಪ್ರತಿಗಳು ಬೇರೆ ಬೇರೆ ಊರುಗಳ ಭಂಡಾರಗಳಲ್ಲಿದ್ದವು, ಅವುಗಳನ್ನು ವಿದ್ವಾಂಸರು ಹುಡುಕಿ ಗುರುತಿಸಿದರು.

ಗುರುತಿಸುವ ಕಾರ್ಯವು ಎಷ್ಟು ಸೂಕ್ಷ್ಮವೆಂಬುದಕ್ಕೆ ಇದೇ ನೆಲದ ‘ಕವಿರಾಜಮಾರ್ಗ’ವೇ ಸಾಕ್ಷಿ. ಕೆ. ಬಿ. ಪಾಠಕರು 1898ರಲ್ಲಿ ಇದನ್ನು ನೃಪತುಂಗನ ಕೃತಿಯೆಂದು ಮುದ್ರಿಸಿದರು. ಆಸ್ಥಾನಕವಿಯಾದ ಶ್ರೀವಿಜಯನೇ ಕರ್ತೃವೆಂದು ಅನಂತರದ ಅನೇಕ ವಿದ್ವಾಂಸರು ಪ್ರತಿಪಾದಿಸಿದರು. ಹೀಗಿರಲು ಗ್ರಂಥಪಾಲಕನು ಈ ಪುಸ್ತಕವನ್ನು ಯಾರ ಹೆಸರಿನಲ್ಲಿ ಬರೆದುಕೊಳ್ಳಬೇಕು? ಒಂದು ಗ್ರಂಥಾಲಯವು ನೃಪತುಂಗನೆಂದೂ ಮತ್ತೊಂದು ಅಮೋಘವರ್ಷನೆಂದೂ ಮಗದೊಂದು ಶ್ರೀವಿಜಯನೆಂದೂ ಬರೆದುಕೊಂಡರೆ, ಓದುಗನು ಒಂದೇ ಕೃತಿಯನ್ನು ಮೂರು ಕೃತಿಗಳೆಂದು ಭ್ರಮಿಸುವನು. ‘ಪ್ರಶ್ನೋತ್ತರರತ್ನಮಾಲಿಕೆ’ಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು, ಅದನ್ನು ಅಮೋಘವರ್ಷ, ಶಂಕರಾಚಾರ್ಯ, ವಿಮಲ ಎಂಬ ಮೂವರಿಗೂ ಆರೋಪಿಸಲಾಗಿದೆ. ಆಧುನಿಕ ಸೂಚೀಕರಣವು ಇಲ್ಲಿ ಪಂಡಿತರ ವಾದವನ್ನು ತೀರ್ಮಾನಿಸಲು ಹೋಗುವುದಿಲ್ಲ. ಅದು ಒಂದು ಹೆಸರನ್ನು ಸ್ಥಿರಪಡಿಸಿ, ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸುತ್ತದೆ. ಓದುಗನು ಯಾವ ಬಾಗಿಲಿನಿಂದ ಬಂದರೂ ಅದೇ ಗ್ರಂಥದ ಮುಂದೆ ನಿಲ್ಲುತ್ತಾನೆ.

ಈ ಶಾಸ್ತ್ರಕ್ಕೆ ಭಾರತದಲ್ಲಿ ಬುನಾದಿ ಹಾಕಿದ ಮಹನೀಯರು ಎಸ್. ಆರ್. ರಂಗನಾಥನ್ (1892–1972). ಅವರು ಮದರಾಸಿನಲ್ಲಿದ್ದಾಗ 1934ರಲ್ಲಿ ಸೂಚೀಕರಣದ ಸಂಹಿತೆಯೊಂದನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1961ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ವ್ಯಕ್ತಿನಾಮಗಳನ್ನು ಆಯಾ ದೇಶದ ರೂಢಿಯಂತೆ ಬರೆಯಬೇಕೆಂಬ ತತ್ತ್ವವನ್ನು ಒಪ್ಪಿಕೊಂಡಿತು. ಇದರ ಬೆಲೆ ನಮಗೆ ತಿಳಿಯಬೇಕು. ಶಿಯಾಳಿ ರಾಮಾಮೃತ ರಂಗನಾಥನ್ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಸ್ವಂತ ಹೆಸರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ಕೊನೆಯದು ಮನೆತನದ ಹೆಸರು. ಒಂದೇ ಕನ್ನಡ ನಾಡಿನಲ್ಲಿ ಈ ಎರಡು ಪದ್ಧತಿಗಳೂ ನಡೆದಿವೆ. ಇದನ್ನರಿಯದವನು ಮಾಡಿದ ಪಟ್ಟಿಯಲ್ಲಿ ವಚನ ಪಿತಾಮಹರನ್ನು ‘ಹ’ಕಾರದಲ್ಲಿ ಹುಡುಕಬೇಕೋ ‘ಫ’ಕಾರದಲ್ಲಿ ಹುಡುಕಬೇಕೋ ತಿಳಿಯದಾಗುತ್ತದೆ.

ಮಠಗಳ ಗ್ರಂಥಗಳಲ್ಲಿ ಈ ತೊಡಕು ಇಮ್ಮಡಿಸುತ್ತದೆ. ಒಂದೇ ಪೀಠದಲ್ಲಿ ಒಂದೇ ಅಭಿಧಾನವು ತಲೆತಲಾಂತರವಾಗಿ ಬರುವುದುಂಟು. ಬೇರೆ ಬೇರೆ ಮಠಗಳ ಸ್ವಾಮಿಗಳಿಗೆ ಒಂದೇ ಹೆಸರಿರುವುದೂ ಉಂಟು. ಹೆಸರಿನ ಹಿಂದೆ ‘ಶ್ರೀಮನ್ನಿರಂಜನ’, ‘ಪರಮಪೂಜ್ಯ’ ಎಂಬ ಗೌರವವಾಚಕಗಳನ್ನು ಸೇರಿಸಿ ಅಕಾರಾದಿಯಲ್ಲಿ ಜೋಡಿಸಿದರೆ ಎಲ್ಲ ಗುರುಗಳೂ ‘ಪ’ಕಾರ, ‘ಶ’ಕಾರಗಳಲ್ಲಿಯೇ ಗುಂಪಾಗುವರು. ಆದಕಾರಣ ಗೌರವವಾಚಕವನ್ನು ಬದಿಗಿಟ್ಟು ಹೆಸರು, ಮಠ, ಕಾಲ ಈ ಮೂರನ್ನು ಬರೆಯುವುದೇ ಸರಿ. ಇದರಿಂದ ಭಕ್ತಿಗೆ ಊನವಿಲ್ಲ. ಒಬ್ಬ ಗುರುಗಳ ಕೃತಿಯು ಇನ್ನೊಬ್ಬರ ಲೆಕ್ಕಕ್ಕೆ ಹೋಗುವುದೇ ನಿಜವಾದ ಅಪಚಾರ.

ಇನ್ನು ‘ಶೂನ್ಯಸಂಪಾದನೆ’ಯನ್ನು ತೆಗೆದುಕೊಳ್ಳಿರಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಸಂಪಾದಿಸಿದ ನಾಲ್ಕು ಪರಿಷ್ಕರಣಗಳಿವೆ. ಪಟ್ಟಿಯಲ್ಲಿ ಬರಿದೆ ‘ಶೂನ್ಯಸಂಪಾದನೆ, ತಾಡೋಲೆ, ಒಂದು ಕಟ್ಟು’ ಎಂದು ಬರೆದರೆ ಸಂಶೋಧಕನಿಗೆ ಏನನ್ನೂ ಹೇಳಿದಂತಾಗಲಿಲ್ಲ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ವಿಚಾರಸರಣಿಯು ನಾಲ್ಕು ಹಂತಗಳನ್ನು ಬೇರ್ಪಡಿಸುತ್ತದೆ: ಕೃತಿ, ಅದರ ಪಾಠ, ಆ ಪಾಠದ ಪ್ರಕಟಣೆ, ನಮ್ಮ ಕೈಯಲ್ಲಿರುವ ಪ್ರತಿ. 2010ರಲ್ಲಿ ಬಂದ ಹೊಸ ಸೂಚೀಕರಣ ಸಂಹಿತೆಯೂ ಇದರ ಮೇಲೆಯೇ ನಿಂತಿದೆ. ಮೂಲಪ್ರತಿಗಳ ಪಾಠಾಂತರಗಳನ್ನು ಕಂಡ ನಮ್ಮ ವಿದ್ವಾಂಸರಿಗೆ ಈ ವಿವೇಚನೆಯು ಹೊಸದೇನೂ ಅಲ್ಲ. ಅದನ್ನು ಪಟ್ಟಿಯಲ್ಲಿ ಕಾಣಿಸುವ ಶಿಸ್ತು ಮಾತ್ರ ನಮಗೆ ಬೇಕಾಗಿದೆ.

ಕಾಲನಿರ್ದೇಶದಲ್ಲಿಯೂ ಎಚ್ಚರ ಬೇಕು. ಲಿಪಿಕಾರನು ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನು ಮಾತ್ರ ಬರೆದಿದ್ದರೆ, ಆ ಸಂವತ್ಸರವು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಕಾಲವು ಖಚಿತವಾಗದು. ಗ್ರಂಥದಲ್ಲಿದ್ದುದನ್ನು ಇದ್ದಂತೆಯೇ ಬರೆದು, ನಾವು ಹೊರಗಿನಿಂದ ಊಹಿಸಿದ್ದನ್ನು ಚೌಕ ಆವರಣದೊಳಗೆ ಇಡಬೇಕೆಂಬುದು ಪ್ರಮಾಣಬದ್ಧ ಸೂಚೀಕರಣದ ನಿಯಮ. ಮೂಲದ ಮಾತು ಯಾವುದು, ಸಂಪಾದಕನ ಮಾತು ಯಾವುದು ಎಂಬುದು ಇದರಿಂದ ಮುಂದಿನವರಿಗೆ ಸ್ಪಷ್ಟವಾಗುತ್ತದೆ.

ಗಣಕಯಂತ್ರಗಳು ಬಂದ ಮೇಲೆ ಈ ವಿವರಗಳನ್ನು ಯಂತ್ರವೂ ಓದುವಂತಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1966ರಲ್ಲಿ ಪ್ರಯೋಗಕ್ಕೆ ತಂದ ‘ಮಾರ್ಕ್’ ಎಂಬ ವಿನ್ಯಾಸದಲ್ಲಿ ಪ್ರತಿಯೊಂದು ವಿವರಕ್ಕೂ ಒಂದು ಸಂಖ್ಯೆಯುಂಟು: ಕರ್ತೃವಿಗೆ 100, ಶೀರ್ಷಿಕೆಗೆ 245. ಬಹುಕಾಲ ಕನ್ನಡ ಪುಸ್ತಕಗಳ ವಿವರವನ್ನು ರೋಮನ್ ಲಿಪಿಯಲ್ಲಿಯೇ ಬರೆಯುತ್ತಿದ್ದರು. ಕೋಲ್ಕತ್ತದಿಂದ ಹೊರಡುವ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯೂ ಆ ಕ್ರಮವನ್ನೇ ಅನುಸರಿಸಿತು. ಕನ್ನಡದ ಮಗುವು ಕನ್ನಡದ ಪುಸ್ತಕವನ್ನು ಹುಡುಕಲು ಪರಲಿಪಿಯ ನೆರವು ಬೇಡಬೇಕಾಗಿತ್ತು. 1991ರ ಯೂನಿಕೋಡ್ ಸಂಕೇತದಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಮಾರ್ಕ್ ವಿನ್ಯಾಸದಲ್ಲಿಯೂ 880 ಎಂಬ ಸ್ಥಾನವು ಮೂಲಲಿಪಿಗೆ ಮೀಸಲಾಗಿದೆ. ಆದುದರಿಂದ ಕನ್ನಡದಲ್ಲಿ ಸೂಚಿ ಮಾಡಲಾಗದೆಂಬ ನೆಪವು ಈಗ ಉಳಿದಿಲ್ಲ. ವೆಚ್ಚದ ನೆಪವೂ ಉಳಿದಿಲ್ಲ. ನ್ಯೂಜಿಲೆಂಡಿನಲ್ಲಿ ಸಿದ್ಧವಾಗಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ಎಂಬ ಗ್ರಂಥಾಲಯ ತಂತ್ರಾಂಶವು ಯಾರಿಗಾದರೂ ಉಚಿತವಾಗಿ ಲಭ್ಯ. ಅಲ್ಲಿನ ಮೂಲನಿವಾಸಿ ಮಾವೊರಿಗಳ ನುಡಿಯಲ್ಲಿ ಆ ಪದಕ್ಕೆ ಕಾಣಿಕೆ ಎಂದರ್ಥ. ದಾಸೋಹವನ್ನು ಬಲ್ಲ ನಮಗೆ ಆ ಭಾವವು ಅಪರಿಚಿತವಲ್ಲ.

ಕೇಂದ್ರ ಸರಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ‘ಜ್ಞಾನ ಭಾರತಂ’ ಎಂಬ ಯೋಜನೆಯನ್ನು ಘೋಷಿಸಿತು. ಇಂತಹ ಯೋಜನೆಗಳು ನಮ್ಮ ಬಾಗಿಲಿಗೆ ಬರುವವರೆಗೆ ಕಾಯುವುದು ವಿವೇಕವಲ್ಲ. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ವು ಬೆಳಕು ಕಾಣುತ್ತಿರಲಿಲ್ಲ. ಅವರು ಮನೆಮನೆಗೆ ಹೋಗಬೇಕಾಯಿತು. ಏಕೆಂದರೆ ಯಾವ ಕಟ್ಟು ಯಾರ ಮನೆಯಲ್ಲಿದೆ ಎಂದು ಹೇಳುವ ಸೂಚಿ ಇರಲಿಲ್ಲ.

ಆದುದರಿಂದ ಸದ್ಭಕ್ತರಲ್ಲಿಯೂ ಮಠದ ಪೂರ್ವ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟೇ. ತಮ್ಮ ಮನೆಯಲ್ಲಾಗಲಿ ಊರ ಮಠದಲ್ಲಾಗಲಿ ಕಟ್ಟುಗಳಿದ್ದರೆ, ಒಂದೊಂದಕ್ಕೂ ಒಂದು ಸಂಖ್ಯೆ ಕೊಡಿರಿ. ಗ್ರಂಥದ ಹೆಸರು, ಕರ್ತೃ, ಅಂಕಿತ, ಲಿಪಿಕಾರ, ಬರೆದ ಕಾಲ, ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಸಾಲು, ಇರುವ ಸ್ಥಳ ಇವಿಷ್ಟನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ತಿಳಿಯದ ಕಡೆ ಜಾಗವನ್ನು ಖಾಲಿ ಬಿಡಿರಿ; ಊಹೆಯಿಂದ ತುಂಬಬೇಡಿರಿ. ಆ ಪಟ್ಟಿಯ ಒಂದು ಪ್ರತಿಯನ್ನು ಬೇರೊಂದು ಊರಿನ ಗ್ರಂಥಾಲಯದಲ್ಲಿ ಇಡಿಸಿರಿ. ಅನೇಕ ಮಠಗಳಲ್ಲಿ ಕಟ್ಟುಗಳ ವಿಷಯವನ್ನು ಬಲ್ಲವರು ಒಬ್ಬಿಬ್ಬರು ಹಿರಿಯರು ಮಾತ್ರ. ಅವರು ನಮ್ಮೊಡನಿರುವಾಗಲೇ ಈ ಕಾರ್ಯವು ನಡೆಯಬೇಕು.