ಪ್ರೋಗ್ರಾಮಿಂಗ್ ಭಾಷೆಗಳ ಹೊಸ ಸೌಲಭ್ಯಗಳು ಮತ್ತು ಉತ್ಪಾದಕತೆ

ಪ್ರೋಗ್ರಾಮಿಂಗ್ ಭಾಷೆಗೆ ಹೊಸ ಸೌಲಭ್ಯ ಸೇರಿದರೆ ಅದನ್ನು ಬಳಸುವವರ ಕೆಲಸ ನಿಜಕ್ಕೂ ಬೇಗ ಸಾಗುತ್ತದೆಯೇ ಎಂಬ ಪ್ರಶ್ನೆ ಆರಂಭದ ದಿನಗಳಲ್ಲಿ ಅಷ್ಟಾಗಿ ಏಳಲಿಲ್ಲ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್‌ಟ್ರಾನ್, ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಸೂತ್ರವಾಗಿಯೇ ಬರೆಯಲು ಬಿಟ್ಟು, ಅದನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಹೊರೆಯನ್ನು ಕಂಪೈಲರ್ ಎಂಬ ಅನುವಾದಕ ಪ್ರೋಗ್ರಾಮಿಗೆ ವಹಿಸಿತು. ಶ್ರಮ ಉಳಿಯುವುದು ಎದ್ದು ಕಾಣುತ್ತಿದ್ದುದರಿಂದ, ಹಾಗೆ ಹುಟ್ಟಿದ ಆದೇಶಗಳು ನುರಿತವರು ಕೈಯಾರೆ ಬರೆದವುಗಳಷ್ಟು ವೇಗವಾಗಿ ಓಡಿಯಾವೇ ಎಂಬುದೇ ಆಗಿನವರ ಅನುಮಾನವಾಗಿತ್ತು.

1986ರಲ್ಲಿ ಫ್ರೆಡ್ ಬ್ರೂಕ್ಸ್ ಸಾಫ್ಟ್‌ವೇರಿನ ತೊಡಕುಗಳನ್ನು ಸಮಸ್ಯೆಯ ಒಡಲಲ್ಲೇ ಇರುವವು ಮತ್ತು ಸಾಧನಗಳ ಕೊರತೆಯಿಂದ ಬಂದವು ಎಂದು ವಿಂಗಡಿಸಿದರು. ಉನ್ನತ ಮಟ್ಟದ ಭಾಷೆಗಳು ಉತ್ಪಾದಕತೆಯನ್ನು ಕನಿಷ್ಠ ಐದು ಪಟ್ಟು ಏರಿಸಿವೆಯೆಂದು ಒಪ್ಪಿದ ಅವರು, ಆ ಭಾಷೆಗಳು ನೀಗಿದ್ದು ಎರಡನೆಯ ಬಗೆಯ ತೊಡಕನ್ನು ಮಾತ್ರ ಎಂದೂ, ಇನ್ನು ಅಂಥ ನೆಗೆತ ಭಾಷೆಯ ಕಡೆಯಿಂದ ಬರಲಾರದೆಂದೂ ವಾದಿಸಿದರು.

ಭಾಷೆಯ ಸೌಲಭ್ಯದಿಂದ ಎಷ್ಟು ಲಾಭವೆಂದು ಅಳೆದು ನೋಡುವುದೇ ಕಷ್ಟ. 1968ರಲ್ಲಿ ಸ್ಯಾಕ್‌ಮನ್ ಮತ್ತಿತರರು ಕೆಲಸದ ಎರಡು ವಿಧಾನಗಳನ್ನು ಹೋಲಿಸಹೊರಟಾಗ ವಿಧಾನಗಳ ಅಂತರಕ್ಕಿಂತ ವ್ಯಕ್ತಿಗಳ ನಡುವಣ ಅಂತರವೇ ದೊಡ್ಡದಾಗಿ ಕಂಡಿತು. ವ್ಯಕ್ತಿಗಳ ನಡುವೆ 28 ಪಟ್ಟು ಅಂತರವೆಂಬ ಅವರ ಅಂಕಿಯನ್ನು ನಂತರದವರು ಪ್ರಶ್ನಿಸಿದರೂ ಆ ತೊಂದರೆ ಮುಂದಿನ ಪ್ರಯೋಗಗಳನ್ನೂ ಬಿಡಲಿಲ್ಲ.

ಸೌಲಭ್ಯಗಳಲ್ಲಿ ಹೆಚ್ಚು ಚರ್ಚೆಯಾದದ್ದು ಸ್ಥಿರ ಟೈಪ್ ವ್ಯವಸ್ಥೆ, ಅಂದರೆ ಒಂದು ಮೌಲ್ಯ ಸಂಖ್ಯೆಯೋ ಪಠ್ಯವೋ ಎಂಬುದನ್ನು ಪ್ರೋಗ್ರಾಂ ಓಡುವ ಮೊದಲೇ ತಾಳೆ ನೋಡುವ ಏರ್ಪಾಡು. ಲುಟ್ಸ್ ಪ್ರೆಶೆಲ್ಟ್ 2000ದಲ್ಲಿ ಒಂದೇ ಸಮಸ್ಯೆಗೆ ಏಳು ಭಾಷೆಗಳಲ್ಲಿ ಬರೆದ 80 ಪರಿಹಾರಗಳನ್ನು ಹೋಲಿಸಿದಾಗ, ಇಂಥ ತಾಳೆಯಿಲ್ಲದ ಪರ್ಲ್, ಪೈಥಾನ್ ಮೊದಲಾದವುಗಳಲ್ಲಿ ಸುಮಾರು ಅರ್ಧ ಸಮಯ ಸಾಕಾಗಿತ್ತು. ಆದರೆ ಆ ಭಾಷೆಗಳಲ್ಲಿ ಬರೆದವರು ತಮ್ಮ ಸಮಯವನ್ನು ತಾವೇ ಬರೆದು ಕಳಿಸಿದ್ದರು ಎಂಬುದನ್ನು ಮರೆಯುವಂತಿಲ್ಲ. ಜರ್ಮನಿಯ ಸ್ಟೆಫಾನ್ ಹ್ಯಾನನ್‌ಬರ್ಗ್ 2010ರಲ್ಲಿ ಪ್ರಕಟಿಸಿದ, 49 ವಿದ್ಯಾರ್ಥಿಗಳ ಪ್ರಯೋಗದಲ್ಲಿ ಟೈಪ್‌ಗಳಿಂದ ಸಮಯವೇನೂ ಉಳಿಯಲಿಲ್ಲ. ಅದೇ ತಂಡದ ಮುಂದಿನ ಪ್ರಯೋಗಗಳಲ್ಲಿ, ವಿವರಣೆಯಿಲ್ಲದ ಪರರ ಕೋಡನ್ನು ಬಳಸಬೇಕಾದಾಗ ಟೈಪ್‌ಗಳು ದಾರಿ ತೋರಿದವು. ಸೌಲಭ್ಯದ ಬೆಲೆ ಬರೆಯುವಾಗಕ್ಕಿಂತ ಓದುವಾಗ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ವಿರಳ.

ಹೆಸರಿಲ್ಲದ ಕಿರು ಫಂಕ್ಷನ್ನುಗಳಾದ ಲ್ಯಾಂಬ್ಡಾಗಳು 2011ರಲ್ಲಿ ಸಿ++ ಭಾಷೆಗೆ ಸೇರಿದವು. 2016ರ ಒಂದು ಪ್ರಯೋಗದಲ್ಲಿ ಅವು ವಿದ್ಯಾರ್ಥಿಗಳ ಕೆಲಸವನ್ನು ನಿಧಾನಗೊಳಿಸಿದ್ದು ಕಂಡುಬಂತು. ಪ್ರಯೋಗದ ಬದಲು, ಕೋಡ್ ಸಂಗ್ರಹದ ತಾಣವಾದ ಗಿಟ್‌ಹಬ್‌ನ 729 ಯೋಜನೆಗಳನ್ನು ಜಾಲಾಡಿ ಭಾಷೆಗೂ ದೋಷಗಳಿಗೂ ನಂಟು ಕಂಡ 2014ರ ಅಧ್ಯಯನವನ್ನು 2019ರಲ್ಲಿ ಬೇರೊಂದು ತಂಡ ಮರುಪರಿಶೀಲಿಸಿದಾಗ ಹೆಚ್ಚಿನ ನಂಟುಗಳು ನಿಲ್ಲಲಿಲ್ಲ. ಟೈಪ್‌ಸ್ಕ್ರಿಪ್ಟಿನಂಥ ಟೈಪ್ ತಾಳೆಯಿದ್ದಿದ್ದರೆ ಜಾವಾಸ್ಕ್ರಿಪ್ಟ್ ದೋಷಗಳಲ್ಲಿ ಶೇಕಡಾ 15ರಷ್ಟು ಮೊದಲೇ ಸಿಗುತ್ತಿದ್ದವು ಎಂದು 2017ರಲ್ಲಿ ಇನ್ನೊಂದು ತಂಡ ತೋರಿಸಿತು; ಆ ಲೆಕ್ಕ ಸಾರ್ವಜನಿಕ ದಾಖಲೆಗೆ ಬಂದ ದೋಷಗಳದು, ಬರೆಯುತ್ತಲೇ ಕಂಡು ತಿದ್ದಿಕೊಂಡವು ಅದರಲ್ಲಿಲ್ಲ.